ಆಗಮನ ಕಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ನವೆಂಬರ್ ಕೊನೆಗೆ ಇವೇ ಪ್ರಶ್ನೆಗಳು ಬರುತ್ತವೆ. ಭಾನುವಾರದ ಜ್ಞಾನೋಪದೇಶಕ್ಕೆ ಬರುವ ಮಕ್ಕಳು ಕೇಳುತ್ತಾರೆ. ಅವರ ಅಪ್ಪ ಅಮ್ಮ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಕ್ರೈಸ್ತರಲ್ಲದ ಗೆಳೆಯರು ಫೋನಿನಲ್ಲಿ ಕೇಳುತ್ತಾರೆ. ಒಂದನ್ನೇ ಹತ್ತು ಸಲ ಹೇಳುವ ಬದಲು ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಬೆಂಗಳೂರಿನ ಕಥೋಲಿಕ. ಉತ್ತರಗಳು ಸ್ವಲ್ಪ ಆ ಕಡೆಗೆ ವಾಲಿದ್ದರೆ ಕ್ಷಮಿಸಿ.

## ಶುರುವಿಗೆ

ಅಡ್ವೆಂಟ್ ಅಂದ್ರೆ ಏನು? ಕ್ರಿಸ್ಮಸ್‌ಗೆ ಇನ್ನೊಂದು ಹೆಸರಾ?

ಅಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಮತ್ತು ಅವುಗಳ ನಡುವಿನ ದಿನಗಳು ಸೇರಿ ಅಡ್ವೆಂಟ್. 'ಆದ್ವೆಂತುಸ್' ಎಂಬ ಲ್ಯಾಟಿನ್ ಪದಕ್ಕೆ 'ಬರುವಿಕೆ' ಅಂತ ಅರ್ಥ. ರೋಮಿನವರು ಚಕ್ರವರ್ತಿ ಒಂದು ಊರಿಗೆ ಮೆರವಣಿಗೆಯಲ್ಲಿ ಬರುವುದಕ್ಕೂ ಈ ಪದವನ್ನೇ ಬಳಸುತ್ತಿದ್ದರು. ಕನ್ನಡದಲ್ಲಿ ನಾವು ಆಗಮನ ಕಾಲ ಅನ್ನುತ್ತೇವೆ.

ನನಗೆ ಇದನ್ನು ವಿವರಿಸಲು ಸುಲಭವಾದ ದಾರಿ ಒಂದೇ. ದಿನ ತುಂಬಿದ ಬಸುರಿ ಇರುವ ಮನೆಯನ್ನು ನೆನಪಿಸಿಕೊಳ್ಳಿ. ಹಳೆ ಸೀರೆ ಹರಿದು ಬಟ್ಟೆ ಮಡಿಸಿಟ್ಟಿರುತ್ತಾರೆ. ಆಟೋದವನ ನಂಬರು ಗೋಡೆ ಮೇಲೆ ಬರೆದಿರುತ್ತಾರೆ. ಯಾರೂ ದೂರದ ಊರಿಗೆ ಹೋಗುವುದಿಲ್ಲ, ರಾತ್ರಿ ನಿದ್ದೆಯೂ ತೆಳ್ಳಗೆ. ಆದರೆ ಯಾರೂ ಇನ್ನೂ ಪೇಡ ಹಂಚಿರುವುದಿಲ್ಲ. ಆಗಮನ ಕಾಲ ಹಾಗೆ. ಪೇಡ ಹಂಚುವುದು ಕ್ರಿಸ್ಮಸ್.

ಪ್ರತಿ ವರ್ಷ ತಾರೀಖು ಬದಲಾಗೋದು ಯಾಕೆ?

ಕ್ರಿಸ್ಮಸ್ ತಾರೀಖು ಬದಲಾಗುವುದಿಲ್ಲ, ಅದು ಬೀಳುವ ವಾರ ಬದಲಾಗುತ್ತದೆ. ಸಂತ ಅಂದ್ರೆಯರ ಹಬ್ಬ ನವೆಂಬರ್ 30. ಅದಕ್ಕೆ ಅತಿ ಹತ್ತಿರದ ಭಾನುವಾರವೇ ಮೊದಲ ಭಾನುವಾರ. ಹಾಗಾಗಿ ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3 ದಾಟುವುದಿಲ್ಲ. 2025ರಲ್ಲಿ ನವೆಂಬರ್ 30. 2026ರಲ್ಲಿ 29, 2027ರಲ್ಲಿ 28. ಕಾಲದ ಉದ್ದವೂ ಇದರ ಮೇಲೇ ನಿಂತಿದೆ. ಕ್ರಿಸ್ಮಸ್ ಭಾನುವಾರ ಬಿದ್ದರೆ ಪೂರ್ತಿ 28 ದಿನ, ಸೋಮವಾರ ಬಿದ್ದರೆ 22 ದಿನ ಅಷ್ಟೆ. 2023ರಲ್ಲಿ ಹಾಗಾಗಿತ್ತು. ಬೆಳಿಗ್ಗೆ ನಾಲ್ಕನೇ ಭಾನುವಾರದ ಪೂಜೆ, ಅದೇ ರಾತ್ರಿ ಕ್ರಿಸ್ಮಸ್ ಪೂಜೆ! ಹಾಡುವವರ ಗಂಟಲು ಏನಾಗಿತ್ತು ಅಂತ ಕೇಳಬೇಡಿ. 2028ರಲ್ಲಿ ಮತ್ತೆ ಅದೇ ಗತಿ.

ಚರ್ಚಿನವರಿಗೆ ಹೊಸ ವರ್ಷ ಜನವರಿಯಲ್ಲಿ ಅಲ್ಲ, ಇವತ್ತಿಂದ ಅಂತ ಫಾದರ್ ಹೇಳಿದರು. ಹೌದಾ?

ಹೌದು. ಆರಾಧನೆಯ ವರ್ಷ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ. ಭಾನುವಾರದ ಓದುಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಒಂದು ವರ್ಷ ಮತ್ತಾಯ ಬರೆದ ಯೇಸುವಿನ ಕಥೆ (ಶುಭಸಂದೇಶ), ಮರುವರ್ಷ ಮಾರ್ಕ ಬರೆದದ್ದು, ಅದರ ಮರುವರ್ಷ ಲೂಕ ಬರೆದದ್ದು. 2025ರ ನವೆಂಬರ್ 30ಕ್ಕೆ ಮತ್ತಾಯನ ವರ್ಷ ಶುರುವಾಯಿತು. ಹಳೆ ಪುಸ್ತಕ ತೆಗೆದಿಟ್ಟು ಹೊಸದನ್ನು ಪೀಠದ ಮೇಲೆ ಇಡುವ ಕೆಲಸ ಅಂದೇ.

ಪಕ್ಕದ ಮನೆಯವರೂ ಕ್ರೈಸ್ತರೇ. ಅವರು ಇದೆಲ್ಲ ಇಲ್ಲ ಅಂತಾರಲ್ಲ?

ಎಲ್ಲರೂ ಆಚರಿಸುವುದಿಲ್ಲ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಲೂಥರನ್, ಮೆಥೊಡಿಸ್ಟ್ ಸಭೆಯವರು ಆಚರಿಸುತ್ತಾರೆ. ಪೆಂತೆಕೋಸ್ತ್ ಮತ್ತು ಬ್ರೆದರನ್ ಸಭೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ಬೈಬಲ್ ಹೇಳದ ಕಾಲಗಳನ್ನು ನಾವೇಕೆ ಪಾಲಿಸಬೇಕು ಎಂಬುದು ಅವರ ಮಾತು. ಇನ್ನು ನಿಮ್ಮ ನೆರೆಯವರು ಸಿರೋ ಮಲಬಾರ್ ಕಥೋಲಿಕರಾದರೆ (ಬೆಳ್ತಂಗಡಿ, ಭದ್ರಾವತಿ, ಮಂಡ್ಯದಲ್ಲಿ ಅವರದೇ ಧರ್ಮಪ್ರಾಂತ್ಯಗಳಿವೆ) ಅವರಿಗೆ ಈ ಕಾಲ ಇದೆ, ಹೆಸರು ಬೇರೆ: ಮಂಗಳವಾರ್ತೆಯ ಕಾಲ. ದೇವದೂತ ಮರಿಯಳಿಗೆ ಸುದ್ದಿ ತಂದ ಕಾಲ ಅಂತ.

ಸೆವೆಂತ್ ಡೇ ಅಡ್ವೆಂಟಿಸ್ಟ್ ಅಂತ ಬೋರ್ಡ್ ನೋಡಿದ್ದೀನಿ. ಅದೂ ಇದೇನಾ?

ಪದ ಒಂದೇ, ವಿಷಯ ಬೇರೆ. ಯೇಸು ಎರಡನೇ ಸಲ ಬರುವುದು ಹತ್ತಿರದಲ್ಲೇ ಇದೆ ಎಂಬ ನಂಬಿಕೆಯಿಂದ ಬಂದ ಹೆಸರು ಅದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಆತ ಬಂದೇ ಬರುತ್ತಾನೆ ಅಂತ ಕಾದು ಕುಳಿತಿದ್ದರು. ಬರಲಿಲ್ಲ. ಆ ಆಘಾತದ ನಂತರ ಉಳಿದವರಲ್ಲಿ ಒಂದು ಗುಂಪು 1863ರಲ್ಲಿ ಈ ಸಭೆಯಾಗಿ ರೂಪುಗೊಂಡಿತು. ಅವರು ಶನಿವಾರವನ್ನು ಸಬ್ಬತ್ ದಿನವಾಗಿ ಪಾಲಿಸುತ್ತಾರೆ. ನಾಲ್ಕು ಭಾನುವಾರಗಳ ಈ ಕಾಲಕ್ಕೂ ಅವರ ಹೆಸರಿಗೂ ನೇರ ನಂಟಿಲ್ಲ.

## ಚರ್ಚಿನಲ್ಲಿ, ಮನೆಯಲ್ಲಿ

ನಾಲ್ಕು ಮೇಣದಬತ್ತಿ ಯಾಕೆ? ಅದರಲ್ಲಿ ಒಂದು ಮಾತ್ರ ಗುಲಾಬಿ ಬಣ್ಣ ಯಾಕೆ?

ಹಸಿರೆಲೆ ಸುತ್ತಿದ ಬಳೆಯಂಥ ಮಾಲೆ, ಅದರ ಮೇಲೆ ನಾಲ್ಕು ಬತ್ತಿ. ಮೊದಲ ವಾರ ಒಂದು ಹಚ್ಚುತ್ತೇವೆ, ಎರಡನೇ ವಾರ ಎರಡು. ನಾಲ್ಕನೇ ವಾರಕ್ಕೆ ನಾಲ್ಕೂ ಉರಿಯುತ್ತವೆ. ಆ ಹೊತ್ತಿಗೆ ಮೊದಲನೆಯದು ಗಿಡ್ಡಗಾಗಿ ಕೊನೆಯದು ಉದ್ದ ನಿಂತಿರುತ್ತದೆ. ಎಷ್ಟು ಕಾದಿದ್ದೇವೆ ಅಂತ ಕಣ್ಣಿಗೇ ಕಾಣುತ್ತದೆ.

ಇದು ಬಹಳ ಪುರಾತನ ಅಂತ ಜನ ತಿಳಿದಿರುತ್ತಾರೆ. ಹಾಗೇನಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಷ್ ವಿಖರ್ನ್ ಎಂಬ ಲೂಥರನ್ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. "ಕ್ರಿಸ್ಮಸ್ ಬಂತಾ, ಬಂತಾ" ಅಂತ ಮಕ್ಕಳದು ದಿನಾ ಕಾಟ. 1839ರಲ್ಲಿ ಅವರು ಹಳೆಯ ಗಾಡಿ ಚಕ್ರವೊಂದನ್ನು ತಂದು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ ಇಟ್ಟು ತೂಗುಹಾಕಿದರು. ಮಕ್ಕಳು ತಾವೇ ಎಣಿಸಿಕೊಂಡರು. ಮುಂದೆ ಮನೆಗಳಲ್ಲಿ ಜಾಗ ಸಾಲದೆ ನಾಲ್ಕು ದೊಡ್ಡವು ಮಾತ್ರ ಉಳಿದವು. ಕಥೋಲಿಕ ಚರ್ಚುಗಳಿಗೆ ಇದು ಬಂದದ್ದು 20ನೇ ಶತಮಾನದಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅಂದರೆ ನಮ್ಮ ನಾಡಿಗೆ ಜರ್ಮನ್ ಮಾತಿನ ಪಾದ್ರಿಗಳು ಮೊದಲು ಬಂದರು, ಮಾಲೆ ಆಮೇಲೆ ಹುಟ್ಟಿತು!

ಉಳಿದ ಮೂರು ಬತ್ತಿ ನೇರಳೆ, ಈ ಕಾಲದ ಬಣ್ಣ ಅದು. ಗುಲಾಬಿ ಬತ್ತಿ ಮೂರನೇ ಭಾನುವಾರದ್ದು. ಆ ದಿನದ ಹೆಸರು 'ಗೌದೆತೆ', ಅಂದರೆ 'ಸಂತೋಷಪಡಿ'. ಬೈಬಲಿನಲ್ಲಿ ಸಂತ ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ ಮಾತು ಅದು. ಅರ್ಧ ದಾರಿ ದಾಟಿತು, ಸ್ವಲ್ಪ ಉಸಿರಾಡಿ ಎಂಬಂತೆ ಗುರುಗಳೂ ಅಂದು ಗುಲಾಬಿ ಬಣ್ಣದ ವಸ್ತ್ರ ತೊಡಬಹುದು. ಜರ್ಮನಿಯ ಮನೆಗಳಲ್ಲಿ ನಾಲ್ಕೂ ಕೆಂಪಾಗಿರುವುದೇ ಹೆಚ್ಚು. ಬಣ್ಣದ ಬತ್ತಿ ಸಿಗದಿದ್ದರೆ ನಾಲ್ಕು ಬಿಳಿ ಬತ್ತಿ ಸಾಕು. ಹಸಿರಿಗೆ ನಾವು ಗಾಳಿ ಮರದ ರೆಂಬೆ ಸುತ್ತುತ್ತೇವೆ. ಎರಡೇ ವಾರಕ್ಕೆ ಒಣಗಿ ಉದುರುತ್ತದೆ, ಬತ್ತಿ ಹತ್ತಿರ ಇದ್ದರೆ ಹುಷಾರು.

ನೇರಳೆ ಬಣ್ಣ ಅಂದ್ರೆ ತಪಸ್ಸುಕಾಲ ಅಲ್ವಾ? ಇದೂ ಅಳೋ ಕಾಲವಾ?

ಬಣ್ಣ ಒಂದೇ, ಭಾವ ಒಂದೇ ಅಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ 'ಅಲ್ಲೆಲೂಯ' ಹಾಡುವುದೇ ಇಲ್ಲ. ಆಗಮನ ಕಾಲದಲ್ಲಿ ಅದು ನಿಲ್ಲುವುದಿಲ್ಲ. ನಿಲ್ಲುವುದು 'ಮಹಿಮೆ' ಗೀತೆ. ಬೆತ್ಲೆಹೇಮಿನ ಹೊಲದಲ್ಲಿ ದೂತರು ಹಾಡಿದ ಹಾಡು ಅದು, ಕ್ರಿಸ್ಮಸ್ ರಾತ್ರಿಗೆ ಎತ್ತಿಟ್ಟಿರುತ್ತೇವೆ. ಆ ರಾತ್ರಿ ಗಂಟೆಗಳ ಜೊತೆ ಅದು ಮತ್ತೆ ಬಂದಾಗ ಮೈ ಜುಮ್ಮೆನ್ನುವುದು, ನಾಲ್ಕು ವಾರ ಕೇಳದೇ ಇದ್ದುದರಿಂದ. ಪೀಠದ ಹೂವು, ವಾದ್ಯ ಎಲ್ಲ ಇರಬಹುದು, ಮಿತವಾಗಿ. ಕೆಲವು ಲೂಥರನ್, ಆಂಗ್ಲಿಕನ್ ಚರ್ಚುಗಳಲ್ಲಿ ನೇರಳೆಯ ಬದಲು ನೀಲಿ ಬಳಸುತ್ತಾರೆ. ತಪಸ್ಸುಕಾಲದ ಜೊತೆ ಗೊಂದಲವಾಗದಿರಲಿ ಎಂಬುದೂ ಅದಕ್ಕೊಂದು ಕಾರಣ.

ಉಪವಾಸ ಮಾಡಬೇಕಾ? ಮಾಂಸ ಬಿಡಬೇಕಾ?

ಲ್ಯಾಟಿನ್ ಪದ್ಧತಿಯ ಕಥೋಲಿಕರಿಗೆ ಈ ಕಾಲಕ್ಕೇ ಅಂತ ಈಗ ಕಡ್ಡಾಯದ ಉಪವಾಸ ಇಲ್ಲ. ಪ್ರಾಟೆಸ್ಟೆಂಟರಿಗೂ ಇಲ್ಲ. ಹಿಂದೆ ಇತ್ತು, ಅದರ ಕಥೆ ಮುಂದೆ ಬರುತ್ತದೆ. ಕೇರಳ ಮೂಲದ ಸಿರಿಯನ್ ಕ್ರೈಸ್ತರಲ್ಲಿ ಡಿಸೆಂಬರ್ 1ರಿಂದ 25 ದಿನದ ನೋಂಬು ಇಂದಿಗೂ ಗಟ್ಟಿಯಾಗಿದೆ. ಮಾಂಸ ಮೀನು ಮುಟ್ಟದೆ ಇದ್ದು ಕ್ರಿಸ್ಮಸ್ ದಿನ ಬಿಡುತ್ತಾರೆ. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಸಭೆಗಳಲ್ಲಿ 40 ದಿನ. ನೀವು ಸ್ವಂತ ಇಷ್ಟದಿಂದ ಏನಾದರೂ ಬಿಡುವುದಾದರೆ ಬಿಡಿ. ನಮ್ಮ ಮನೆಯಲ್ಲಿ ಬುಧವಾರ ರಾತ್ರಿ ಟಿವಿ ಹಾಕುವುದಿಲ್ಲ. ಮಾಂಸ ಬಿಡುವುದಕ್ಕಿಂತ ಅದೇ ಕಷ್ಟ.

ಡಿಸೆಂಬರಿನಲ್ಲಿ ಮದುವೆ ಇಟ್ಟುಕೊಳ್ಳಬಹುದಾ? ಅಜ್ಜಿ ಆಗಲ್ಲ ಅಂತಿದ್ದಾರೆ.

ಅಜ್ಜಿಯ ಕಾಲದಲ್ಲಿ ಆಗುತ್ತಿರಲಿಲ್ಲ. ಆಗಮನ ಕಾಲದಲ್ಲಿ ಮದುವೆಯ ಗಂಭೀರ ಆಶೀರ್ವಾದಕ್ಕೆ ಚರ್ಚಿನ ಕಾನೂನಿನಲ್ಲೇ ತಡೆ ಇತ್ತು. 1917ರ ಕಾನೂನು ಪುಸ್ತಕದಲ್ಲೂ ಅದು ಉಳಿದಿತ್ತು. ಈಗ ಆ ತಡೆ ಇಲ್ಲ. ಮಾಡುವುದಾದರೆ ಕಾಲಕ್ಕೆ ತಕ್ಕಂತೆ ಆಡಂಬರ ಕಡಿಮೆ ಇರಲಿ ಅನ್ನುತ್ತಾರೆ. ಆದರೂ ಕರಾವಳಿಯ ಕಥೋಲಿಕ ಮನೆಗಳಲ್ಲಿ ಜನ ತಾವಾಗಿಯೇ ಈ ನಾಲ್ಕು ವಾರ ಬಿಟ್ಟು ಕ್ರಿಸ್ಮಸ್ ಆದ ಮೇಲೆ ಇಟ್ಟುಕೊಳ್ಳುತ್ತಾರೆ. ಗಲ್ಫಿನಿಂದ ಬಂದವರೂ ಆಗ ಊರಲ್ಲೇ ಇರುತ್ತಾರಲ್ಲ. ಹತ್ತು ನಿಮಿಷ ನಿಮ್ಮ ಗುರುಗಳ ಹತ್ತಿರ ಮಾತಾಡಿ. ಅಜ್ಜಿಯ ಹತ್ತಿರ ಇಪ್ಪತ್ತು ನಿಮಿಷ.

ಡಿಸೆಂಬರ್ 1ಕ್ಕೇ ನಕ್ಷತ್ರ ಕಟ್ಟಿದರೆ ತಪ್ಪಾ? ಗೋದಲಿ ಯಾವಾಗ ಮಾಡಬೇಕು?

ತಪ್ಪು ಅಂತ ಯಾವ ನಿಯಮವೂ ಇಲ್ಲ. ನಕ್ಷತ್ರ ಅಂದರೆ ಮೂಡಣದ ಜ್ಞಾನಿಗಳಿಗೆ ದಾರಿ ತೋರಿದ್ದು. ಅವರು ಮಗು ಹುಟ್ಟಿದ ಮೇಲೆ ಬಂದು ತಲುಪಿದವರು, ಆದರೆ ಹೊರಟದ್ದು ಬಹಳ ಮುಂಚೆ ಇರಬೇಕಲ್ಲ? ಹಾಗಾಗಿ ದಾರಿದೀಪ ಮುಂಚೆಯೇ ಬೆಳಗಲಿ ಬಿಡಿ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಅದರ ವಿಷಯಕ್ಕೆ ನಾನು ಸ್ವಲ್ಪ ಹಟಮಾರಿ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿ ಕ್ರಿಸ್ಮಸ್ ಪೂಜೆ ಮಾಡಿಸಿದ ಕಥೆಯಿಂದ ಈ ರೂಢಿ ಹರಡಿತು. ಎರಡು ವಾರ ಮುಂಚೆ ಕಟ್ಟಲು ಶುರು ಮಾಡಿ, ಆದರೆ ತೊಟ್ಟಿ ಖಾಲಿ ಇರಲಿ. ಬಾಲಯೇಸುವನ್ನು 24ರ ರಾತ್ರಿ ಪೂಜೆಯಿಂದ ಬಂದ ಮೇಲೆ ಮನೆಯ ಕಿರಿಯ ಮಗುವಿನ ಕೈಯಲ್ಲಿ ಇಡಿಸಿ. ಅಲ್ಲಿಯ ತನಕ ಅದು ಅಕ್ಕಿ ಡಬ್ಬಿ ಹಿಂದೆಯೋ ಬೀರುವಿನಲ್ಲೋ ಇರಲಿ. ಎಲ್ಲಿಟ್ಟೆವು ಅಂತ ಮರೆತು ಮಧ್ಯರಾತ್ರಿ ಮನೆಯೆಲ್ಲ ಹುಡುಕಿದ್ದೂ ಇದೆ.

ಇನ್ನೊಂದು ಒಳ್ಳೆ ರೂಢಿ: ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಬಿತ್ತುವುದು. ಸುಮಾರು ಹತ್ತು ದಿನ ಮುಂಚೆ ಬಿತ್ತಿದರೆ ಗೋದಲಿಯ ಹೊಲಕ್ಕೆ ಹಸಿರು ಪೈರು ಸಿದ್ಧ. ಮಕ್ಕಳಿಗೆ ಕಾಯುವುದು ಏನು ಅಂತ ಹೇಳಿಕೊಡಲು ನನ್ನ ಪಾಠಕ್ಕಿಂತ ಈ ತಟ್ಟೆಯೇ ಜಾಸ್ತಿ ಕೆಲಸ ಮಾಡಿದೆ. ನೀರು ಹೆಚ್ಚು ಹಾಕಿದರೆ ಕೊಳೆಯುತ್ತದೆ, ಕಿತ್ತು ನೋಡಿದರೆ ಸಾಯುತ್ತದೆ.

ಕುಸ್ವಾರ್, ಕೇಕ್ ಎಲ್ಲ ಹಬ್ಬಕ್ಕೆ ಮುಂಚೆಯೇ ತಿಂದು ಮುಗಿಸ್ತೀವಿ. ಪಾಪವಾ?

ಪಾಪ ಅಲ್ಲ, ಆಮೇಲೆ ನೆಂಟರಿಗೆ ಕೊಡಲು ಏನೂ ಇರುವುದಿಲ್ಲ ಅಷ್ಟೆ. ಕುಸ್ವಾರ್ ಅಂದರೆ ಕ್ರಿಸ್ಮಸ್ ತಿಂಡಿಗಳು. ಮಂಗಳೂರಿನ ಕಡೆ ನೇವ್ರಿ, ಕಿಡಿಯೊ, ಚಕ್ಕುಲಿ ಎಲ್ಲ ಕರಿಯುವುದೇ ಈ ವಾರಗಳಲ್ಲಿ, ಹಂಚುವುದು ಹಬ್ಬಕ್ಕೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಒಣಹಣ್ಣನ್ನು ವಾರಗಟ್ಟಲೆ ಮುಂಚೆ ರಮ್ಮಿನಲ್ಲಿ ನೆನೆಹಾಕಿರುತ್ತಾರೆ. ಇಂಗ್ಲೆಂಡಿನಲ್ಲಿ ಆಗಮನ ಕಾಲಕ್ಕೆ ಮುಂಚಿನ ಭಾನುವಾರಕ್ಕೆ 'ಕಲಕುವ ಭಾನುವಾರ' ಅಂತಲೇ ಹೆಸರು ಬಿದ್ದಿದೆ. ಅಂದಿನ ಆಂಗ್ಲಿಕನ್ ಪ್ರಾರ್ಥನೆ ಶುರುವಾಗುವುದೇ "ಪ್ರಭುವೇ, ನಮ್ಮ ಮನಸ್ಸನ್ನು ಕಲಕು" ಎಂದು. ಕೇಳಿದ ಹೆಂಗಸರು ಮನೆಗೆ ಹೋಗಿ ಪುಡ್ಡಿಂಗ್ ಹಿಟ್ಟು ಕಲಕುತ್ತಿದ್ದರು.

24 ಕಿಟಕಿಯ ಚಾಕೊಲೇಟ್ ಡಬ್ಬಿ ಆನ್‌ಲೈನಲ್ಲಿ ಸಿಗುತ್ತೆ. ಅದಕ್ಕೂ ಧರ್ಮಕ್ಕೂ ಸಂಬಂಧ ಇದೆಯಾ?

ಹುಟ್ಟಿನಲ್ಲಿ ಇತ್ತು. ಜರ್ಮನಿಯ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದ 24 ಗೆರೆ ಎಳೆದು ದಿನಕ್ಕೊಂದು ಅಳಿಸುತ್ತಿದ್ದರು. 20ನೇ ಶತಮಾನದ ಶುರುವಿನಲ್ಲಿ ಮ್ಯೂನಿಕ್‌ನ ಗೆರ್ಹಾರ್ಟ್ ಲಾಂಗ್ ಎಂಬ ಮುದ್ರಕ ಇದನ್ನು ಕಾಗದಕ್ಕೆ ತಂದ. ಚಾಕೊಲೇಟ್ ಆಮೇಲೆ ಬಂತು, ಈಗ ಲಿಪ್‌ಸ್ಟಿಕ್ ತುಂಬಿದ್ದೂ ಬಂದಿದೆ. ಗಮನಿಸಿ, ಅದು ಯಾವಾಗಲೂ ಡಿಸೆಂಬರ್ 1ಕ್ಕೇ ಶುರು. ಚರ್ಚಿನ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ ಹೊಂದುವುದು ಅಪರೂಪ.

## ಎಲ್ಲಿಂದ ಬಂತು

ಬೈಬಲಿನಲ್ಲಿ ಇದು ಎಲ್ಲಿದೆ? ಇಲ್ಲ ಅಂದ್ರೆ ಯಾರು ಶುರು ಮಾಡಿದರು?

ಬೈಬಲಿನಲ್ಲಿ ಈ ಕಾಲ ಇಲ್ಲ. ಒಬ್ಬರು ಕೂತು ಶುರು ಮಾಡಿದ್ದೂ ಅಲ್ಲ. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ರೀತಿ ಬೆಳೆಯಿತು.

ಸ್ಪೇನಿನ ಸರಗೋಸದಲ್ಲಿ 380ರಲ್ಲಿ ಸೇರಿದ ಬಿಷಪ್ಪರು, ಡಿಸೆಂಬರ್ 17ರಿಂದ ಜನವರಿ 6ರ ತನಕ 21 ದಿನ ಯಾರೂ ಚರ್ಚು ತಪ್ಪಿಸಬಾರದು ಅಂದರು. ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆಟುಸ್ 5ನೇ ಶತಮಾನದ ಕೊನೆಯ ಭಾಗದಲ್ಲಿ ಒಂದು ಉಪವಾಸದ ಪಟ್ಟಿ ಹಾಕಿದರು. ಅದರಲ್ಲಿ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್ ತನಕ ವಾರಕ್ಕೆ ಮೂರು ದಿನ ಉಪವಾಸ. ಜನ ಅದಕ್ಕೆ ಮಾರ್ಟಿನರ ತಪಸ್ಸುಕಾಲ ಅಂದರು. ಬಿತ್ತನೆ ಮುಗಿದು ಹೊಸ ದ್ರಾಕ್ಷಾರಸ ಸಿದ್ಧವಾದ ಹೊತ್ತು ಅದು. ಮಾರ್ಟಿನರ ದಿನ ಹೊಟ್ಟೆ ತುಂಬ ಹೆಬ್ಬಾತು ತಿಂದು ಮರುದಿನದಿಂದ ಉಪವಾಸಕ್ಕೆ ಇಳಿಯುವುದು ಯುರೋಪಿನ ಎಷ್ಟೋ ಕಡೆ ರೂಢಿಯಾಯಿತು.

ರೋಮಿನಲ್ಲಿ ಈ ಕಾಲ ತಡವಾಗಿ ಬಂತು. ಆರು ವಾರವನ್ನು ನಾಲ್ಕಕ್ಕೆ ಇಳಿಸಿದ ಹೆಸರು ಸಾಮಾನ್ಯವಾಗಿ 590ರಿಂದ 604ರ ತನಕ ಪೋಪ್ ಆಗಿದ್ದ ಮಹಾ ಗ್ರೆಗರಿಯವರಿಗೆ ಸಲ್ಲುತ್ತದೆ. ಮಿಲಾನ್ ಮಾತ್ರ ಬಗ್ಗಲಿಲ್ಲ. ಅಲ್ಲಿನ ಅಂಬ್ರೋಸಿಯ ಪದ್ಧತಿಯಲ್ಲಿ ಇಂದಿಗೂ ಆರು ವಾರ. ಅಂದರೆ ರೋಮಿನವರಿಗಿಂತ ಎರಡು ವಾರ ಮುಂಚೆ ಅವರಿಗೆ ಹೊಸ ವರ್ಷ.

ಹೀಗೆ ಒಂದು ಕಡೆಯಿಂದ ಉಪವಾಸ ಬಂತು, ಇನ್ನೊಂದು ಕಡೆಯಿಂದ ಪ್ರಾರ್ಥನೆ ಮತ್ತು ನಿರೀಕ್ಷೆ. ಎರಡೂ ಸೇರಿದ್ದಕ್ಕೇ ಈ ಕಾಲದ ರುಚಿ ಸ್ವಲ್ಪ ಹುಳಿ, ಸ್ವಲ್ಪ ಸಿಹಿ.

ಧನುರ್ಮಾಸಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಎರಡೂ ಡಿಸೆಂಬರ್, ಎರಡರಲ್ಲೂ ಮದುವೆ ಇಲ್ಲ, ಎರಡಕ್ಕೂ ಬೆಳಿಗ್ಗೆ ಬೇಗ ಏಳಬೇಕು.

ಚಂದದ ಪ್ರಶ್ನೆ. ನಮ್ಮ ಬೀದಿಯಲ್ಲೇ ಡಿಸೆಂಬರಿನ ಮುಂಜಾನೆ ದೇವಸ್ಥಾನದ ಹುಗ್ಗಿಯ ಘಮವೂ ಬರುತ್ತದೆ, ಚರ್ಚಿನ ಗಂಟೆಯೂ ಕೇಳುತ್ತದೆ. ಛತ್ರದವರಿಗೆ ಎರಡೂ ಕಡೆಯಿಂದ ಪೆಟ್ಟು. ಆದರೆ ಚರಿತ್ರೆಯ ನಂಟಿಲ್ಲ. ಧನುಸ್ಸಂಕ್ರಮಣ ಈಗ ಡಿಸೆಂಬರ್ 16ರ ಆಸುಪಾಸು ಬೀಳುತ್ತದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಾ ಬಂದಿದೆ. ಸರಗೋಸದ ಬಿಷಪ್ಪರು ಡಿಸೆಂಬರ್ 17 ಅಂತ ಗೊತ್ತು ಮಾಡಿದ ಕಾಲಕ್ಕೆ ಹಿಂದಕ್ಕೆ ಎಣಿಸಿದರೆ ಅದು ನವೆಂಬರಿನಲ್ಲೇ ಬೀಳುತ್ತದೆ. ಬೆಳಗಿನ ಜಾವ ಮೇಣದಬತ್ತಿಯ ಬೆಳಕಿನಲ್ಲಿ ಮಾಡುವ 'ರೊರಾತೆ' ಪೂಜೆ ಮಧ್ಯ ಯುರೋಪಿನದು. ಫಿಲಿಪ್ಪೀನ್ಸಿನಲ್ಲಿ ಡಿಸೆಂಬರ್ 16ರಿಂದ 24ರ ತನಕ ಒಂಬತ್ತು ದಿನ ಕತ್ತಲಿರುವಾಗಲೇ ಪೂಜೆ ಇರುತ್ತದೆ. ಹೊಲದ ಕೆಲಸಕ್ಕೆ ಹೋಗುವ ಮುಂಚೆ ಜನ ಬರಲಿ ಅಂತ.

## ಇನ್ನೂ ಸ್ವಲ್ಪ ಆಳಕ್ಕೆ

ಮಗು ಹುಟ್ಟೋ ಹಬ್ಬಕ್ಕೆ ತಯಾರಿ ಅಂತೀರಿ. ಮೊದಲ ಭಾನುವಾರವೇ ಲೋಕ ಮುಗಿಯೋ ಮಾತು ಓದ್ತಾರಲ್ಲ, ಯಾಕೆ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಕೇಳಿದವಳು ಏಳನೇ ಕ್ಲಾಸಿನ ಹುಡುಗಿ.

ಮತ್ತಾಯನ ವರ್ಷದಲ್ಲಿ ಅಂದಿನ ಓದು 24ನೇ ಅಧ್ಯಾಯದ್ದು. ಹೊಲದಲ್ಲಿ ಇಬ್ಬರಿರುತ್ತಾರೆ, ಒಬ್ಬನನ್ನು ತೆಗೆದುಕೊಂಡು ಹೋಗಲಾಗುತ್ತದೆ, ಇನ್ನೊಬ್ಬ ಉಳಿಯುತ್ತಾನೆ. ಇಬ್ಬರು ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತಿರುತ್ತಾರೆ, ಅಲ್ಲೂ ಹಾಗೇ. ಕಳ್ಳ ಯಾವ ಜಾವದಲ್ಲಿ ಬರುತ್ತಾನೆ ಅಂತ ಮನೆಯೊಡೆಯನಿಗೆ ಗೊತ್ತಿದ್ದರೆ ಎಚ್ಚರ ಇರುತ್ತಿದ್ದ ಅಂತ ಯೇಸು ಹೇಳುತ್ತಾರೆ. ಹೊರಗೆ ಬೀದಿಯಲ್ಲಿ ಸಾಂತಾ ಟೋಪಿ ಮಾರುತ್ತಿರುತ್ತಾರೆ, ಒಳಗೆ ಇದು!

ಕಾರಣ ಇಷ್ಟು. ಈ ಕಾಲ ಎರಡು ಕಡೆ ಮುಖ ಮಾಡಿದೆ. ಒಂದು, ಬೆತ್ಲೆಹೇಮಿನಲ್ಲಿ ಬಂದದ್ದರ ಕಡೆ. ಇನ್ನೊಂದು, ಕೊನೆಗೆ ಮಹಿಮೆಯಲ್ಲಿ ಬರುವುದರ ಕಡೆ. ನಾವು ಆಗಮನ ಕಾಲವನ್ನು ಕೊನೆಯಿಂದ ಶುರುವಿನ ಕಡೆಗೆ ಓದುತ್ತೇವೆ: ಮೊದಲು ಕೊನೆಯ ದಿನ, ಆಮೇಲೆ ಸ್ನಾನಿಕ ಯೋಹಾನ, ಕೊನೆಗೆ ಬಸುರಿ ಮರಿಯಳು. ಲೋಕದಷ್ಟು ದೊಡ್ಡದರಿಂದ ಶುರುವಾಗಿ ಒಂದು ಹೊಟ್ಟೆಯೊಳಗಿನ ಕೂಸಿಗೆ ಬಂದು ನಿಲ್ಲುತ್ತದೆ. ಬರಿ ಮಗುವಿನ ಕಥೆಯಾಗಿದ್ದರೆ ಲಾಲಿ ಹಾಡಿ ಮಲಗಬಹುದಿತ್ತು. ಆ ಮಗುವೇ ನ್ಯಾಯ ಕೇಳುವವನೂ ಹೌದು ಅಂತ ಗೊತ್ತಾದರೆ, ಕೂಲಿಯವನಿಗೆ ಕೊಡಬೇಕಾದ ಬಾಕಿ ನೆನಪಾಗುತ್ತದೆ.

ಯೇಸು ಬಂದಾಗಿದೆಯಲ್ಲ. ಮತ್ತೆ ಕಾಯೋ ಥರ ಮಾಡೋದು ನಾಟಕ ಅಲ್ವಾ?

ಹುಟ್ಟಿಲ್ಲ ಅಂತ ನಟಿಸುವುದಾದರೆ ನಾಟಕವೇ. 12ನೇ ಶತಮಾನದ ಸನ್ಯಾಸಿ, ಕ್ಲೆರ್ವೋದ ಸಂತ ಬರ್ನಾರ್ಡ್, ಬರುವಿಕೆ ಮೂರು ಅಂದರು. ಮೊದಲನೆಯದು ಮೈತಾಳಿ ಬಂದದ್ದು. ಕೊನೆಯದು ಎಲ್ಲರಿಗೂ ಕಾಣುವಂತೆ ಬರುವುದು. ನಡುವಿನದು ಗುಟ್ಟಾಗಿ, ಮನಸ್ಸಿನೊಳಗೆ ಬರುವುದು. ಮೊದಲನೆಯದನ್ನು ನೆನೆಯುತ್ತೇವೆ, ಕೊನೆಯದಕ್ಕೆ ಕಾಯುತ್ತೇವೆ, ನಡುವಿನದಕ್ಕೆ ಬಾಗಿಲು ತೆಗೆಯುತ್ತೇವೆ.

ಇನ್ನೂ ಹಳೆಯ ಸಾಕ್ಷಿ ಬೇಕಾದರೆ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆ ನೋಡಿ. ಅಲ್ಲಿ 'ಮಾರನಾಥ' ಎಂಬ ಅರಾಮಿಕ್ ಮಾತಿದೆ. "ನಮ್ಮ ಪ್ರಭುವೇ, ಬಾ" ಅಂತ ಅರ್ಥ. ಯೇಸು ಸತ್ತು ಎದ್ದಾಗಿದೆ ಅಂತ ನಂಬಿದವರೇ, ಆತನ ಮನೆಮಾತಿನಲ್ಲೇ ಮತ್ತೆ ಬಾ ಅಂತ ಕರೆದದ್ದು. ಕ್ರಿಸ್ಮಸ್ ಹಬ್ಬ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಈ ಕಾಯುವಿಕೆ ಇತ್ತು.

ಎರಡು ವಾರ ಸ್ನಾನಿಕ ಯೋಹಾನನದೇ ಓದು. ಮಿಡತೆ ತಿಂದವನಿಗೆ ಅಷ್ಟೊಂದು ಜಾಗ ಯಾಕೆ?

ಆತ ಬರಲಿರುವವನ ಮುಂದೆ ದಾರಿ ಸರಿ ಮಾಡಿದವನು. ದೊರೆ ಬರುವ ಮುಂಚೆ ಹಳ್ಳ ದಿಣ್ಣೆ ಸಮ ಮಾಡುವ ಕೆಲಸ, ಬೈಬಲಿನ ಯೆಶಾಯ ಪ್ರವಾದಿಯ ಪುಸ್ತಕದ 40ನೇ ಅಧ್ಯಾಯದಲ್ಲಿ ಇರುವುದು ಅದೇ. ಮಂತ್ರಿ ಬರುತ್ತಾರೆ ಅಂದರೆ ರಾತ್ರೋರಾತ್ರಿ ಡಾಂಬರು ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ನನಗೆ ಹಿಡಿಸಿದ್ದು ಮತ್ತಾಯನ ವರ್ಷದ ಮೂರನೇ ಭಾನುವಾರದ ಯೋಹಾನ. ಅದೇ ಗುಲಾಬಿ ಭಾನುವಾರ, ಸಂತೋಷಪಡಿ ಅನ್ನುವ ದಿನ. ಅಂದು ಆತ ಹೆರೋದನ ಸೆರೆಯಲ್ಲಿದ್ದಾನೆ. ಅಲ್ಲಿಂದ ಶಿಷ್ಯರನ್ನು ಕಳಿಸಿ ಯೇಸುವನ್ನು ಕೇಳಿಸುತ್ತಾನೆ: ಬರಬೇಕಾದವನು ನೀನೇನಾ, ಇಲ್ಲ ಬೇರೊಬ್ಬನಿಗೆ ಕಾಯಬೇಕಾ? ಜೀವಮಾನವಿಡೀ ಬೇರೆಯವರಿಗೆ ಬೆರಳು ಮಾಡಿ ತೋರಿಸಿದವನಿಗೇ ಅನುಮಾನ. ಯೇಸು ಬೈಯುವುದಿಲ್ಲ. ಹೌದು ಅಂತಲೂ ಹೇಳುವುದಿಲ್ಲ. ಕುರುಡರಿಗೆ ಕಣ್ಣು ಬಂದಿದೆ, ಕುಂಟರು ನಡೆಯುತ್ತಿದ್ದಾರೆ, ಕಂಡದ್ದನ್ನು ಹೋಗಿ ಹೇಳಿ ಅನ್ನುತ್ತಾರೆ. ಯೋಹಾನ ಸೆರೆಯಿಂದ ಹೊರಗೆ ಬರಲೇ ಇಲ್ಲ.

ಡಿಸೆಂಬರ್ 17ರಿಂದ ಪೂಜೆ ಬದಲಾಗುತ್ತೆ ಅಂತಾರೆ. ಏನದು?

ಅಲ್ಲಿಯ ತನಕ ನೋಟ ಹೆಚ್ಚಾಗಿ ಕೊನೆಯ ದಿನದ ಕಡೆ. 17ರಿಂದ ಅದು ನೇರ ಬೆತ್ಲೆಹೇಮಿನ ಕಡೆ ತಿರುಗುತ್ತದೆ. ಅಂದಿನ ಓದು ಮತ್ತಾಯ ಬರೆದ ವಂಶಾವಳಿ. ಅಬ್ರಹಾಮನಿಂದ ಯೇಸುವಿನ ತನಕ ಬರಿ ಹೆಸರು, ಓದುವ ಗುರುಗಳ ನಾಲಿಗೆಗೆ ಪರೀಕ್ಷೆ. ನಿದ್ದೆ ಬಂದರೂ ಹೆಂಗಸರ ಹೆಸರು ಬಂದಾಗ ಕಿವಿಗೊಡಿ. ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ. ಊರಿನವರು ಪಿಸುಪಿಸು ಮಾತಾಡಿಕೊಂಡಿರಬಹುದಾದ ಹೆಂಗಸರನ್ನೇ ಮತ್ತಾಯ ಬೇಕೆಂದು ಹೆಸರಿಸಿದ್ದಾನೆ, ಮರಿಯಳ ಹೆಸರು ಹೇಳುವ ಮುಂಚೆ.

17ರಿಂದ 23ರ ತನಕ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು 'ಓ' ಕರೆ ಹಾಡುತ್ತಾರೆ. ಓ ಜ್ಞಾನವೇ, ಓ ಪ್ರಭುವೇ, ಓ ಇಷಯನ ಬೇರೇ, ಓ ದಾವೀದನ ಬೀಗದ ಕೈಯೇ, ಓ ಮೂಡುವ ಬೆಳಕೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ. ಒಂದೊಂದೂ 'ಬಾ' ಅಂತ ಮುಗಿಯುವ ಪ್ರಾರ್ಥನೆ. ಲ್ಯಾಟಿನ್ ಹೆಸರುಗಳ ಮೊದಲ ಅಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿದರೆ 'ಎರೊ ಕ್ರಾಸ್' ಎಂದಾಗುತ್ತದೆ. ಅರ್ಥ "ನಾಳೆ ನಾನಿರುತ್ತೇನೆ". ಬೇಕೆಂದೇ ಹೆಣೆದದ್ದೋ ಹಾಗೇ ಒದಗಿ ಬಂತೋ, ಪಂಡಿತರು ಜಗಳವಾಡಲಿ.

ಇದರ ನಡುವೆ ಸ್ಪೇನಿನವರಿಗೆ ಇನ್ನೊಂದು ಹಬ್ಬ ಇದೆ. 656ರಲ್ಲಿ ತೊಲೇದೊದಲ್ಲಿ ಸೇರಿದ ಬಿಷಪ್ಪರು ಡಿಸೆಂಬರ್ 18ನ್ನು ಮರಿಯಮ್ಮನ ಹಬ್ಬ ಮಾಡಿದರು. ಮುಂದೆ ಅದು ಹೆರಿಗೆಗೆ ಕಾಯುವ ತಾಯಿಯ ಹಬ್ಬವಾಯಿತು. 'ಓ' ಕರೆಗಳಿಂದಾಗಿ ಜನ ಅವಳನ್ನು 'ಓ ತಾಯಿ' ಅಂತ ಕರೆದರು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ತುಂಬು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತ ಅವಳ ಮೂರ್ತಿಗಳಿವೆ. ಮೊದಲು ಹೇಳಿದ ಬಸುರಿ ಮನೆಯ ಹೋಲಿಕೆ ನನ್ನ ಸ್ವಂತದ್ದು ಅಂದುಕೊಂಡಿದ್ದೆ. 1300 ವರ್ಷ ತಡವಾಗಿದ್ದೆ.

ಈ ವರ್ಷ ಮನೆಯಲ್ಲಿ ಸಾವಾಗಿದೆ. ಹಬ್ಬದ ಮನಸ್ಸಿಲ್ಲ. ಏನು ಮಾಡಲಿ?

ಕ್ರಿಸ್ಮಸ್‌ಗೆ ಮನಸ್ಸು ಬರದಿರಬಹುದು. ಆಗಮನ ಕಾಲಕ್ಕೆ ನಗುಮುಖ ಬೇಕಿಲ್ಲ. ಅದರ ಓದುಗಳೆಲ್ಲ ಕತ್ತಲಲ್ಲಿ ಕೂತವರಿಗೇ ಬರೆದವು. ಯೆಶಾಯನ ಮಾತಿನಲ್ಲಿ ದಾವೀದನ ತಂದೆ ಇಷಯನ ವಂಶ ಕಡಿದು ಬಿದ್ದ ಮರದ ಬುಡ. ಕೆಲವು ಚರ್ಚುಗಳು ಡಿಸೆಂಬರ್ 21ರ ಹೊತ್ತಿಗೆ, ವರ್ಷದ ಅತಿ ಉದ್ದದ ರಾತ್ರಿ, ದುಃಖದಲ್ಲಿರುವವರಿಗಾಗಿಯೇ ಒಂದು ಪ್ರಾರ್ಥನೆ ಇಡುತ್ತವೆ. ನಿಮ್ಮಲ್ಲಿ ಇಲ್ಲದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ. ಕ್ಯಾರಲ್ ಗುಂಪಿನವರಿಗೆ ಈ ಸಲ ಬೇಡ ಅಂತ ಮೊದಲೇ ಹೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮ ಅಮ್ಮ ತೀರಿಕೊಂಡದ್ದು ಒಂದು ಅಕ್ಟೋಬರಿನಲ್ಲಿ. ಆ ವರ್ಷ ಎಣ್ಣೆ ಬಾಣಲೆ ಇಡಲಿಲ್ಲ, ನಕ್ಷತ್ರ ಕಟ್ಟಲಿಲ್ಲ. ಮಾಲೆಗೆ ಹಸಿರು ತರಲೂ ಯಾರೂ ಹೋಗಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬತ್ತಿ ನಿಲ್ಲಿಸಿ ವಾರಕ್ಕೊಂದು ಹಚ್ಚಿದೆವು. ಹಾಡಿಲ್ಲ, ಓದಿಲ್ಲ, ಸುಮ್ನೆ ಕೂರುತ್ತಿದ್ದೆವು. 24ರ ಸಂಜೆ ಪಕ್ಕದ ಮನೆಯ ಮಂಗಳೂರಿನ ಆಂಟಿ ಬಟ್ಟೆ ಮುಚ್ಚಿದ ತಟ್ಟೆ ತಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ತಟ್ಟೆ ಕೈಗೆ ಕೊಟ್ಟು, "ನೇವ್ರಿ ನಿಮ್ಮಮ್ಮ ಮಾಡುವಷ್ಟು ತೆಳು ಬರಲಿಲ್ಲ" ಅಂತ ಹೇಳಿ ಹೋದರು.